'ಪಿಕ್ ಅಪ್' ಅಂದರೆ ಎತ್ತು ಅಷ್ಟೇನಾ? ಪಿಕ್, ಪಿಕ್ ಅಪ್, ಪಿಕಪ್ ಗೊಂದಲ

ಹೊಸಗಲಿಕೆ

ಎಲ್ಲರಿಗೂ ನಮಸ್ಕಾರ. ಆಫೀಸಿನ ಮೇಲ್‌ನಲ್ಲಿ, ಫೋನ್ ಮಾತಿನಲ್ಲಿ 'ಪಿಕ್ ಅಪ್' ದಿನಕ್ಕೆ ಹತ್ತು ಸಲ ಬರುತ್ತದೆ. 'ಎತ್ತು' ಅಂತ ಅರ್ಥ ಇಟ್ಟುಕೊಂಡರೆ ಅರ್ಧ ವಾಕ್ಯಗಳಿಗೆ ಅದು ಹೊಂದುವುದೇ ಇಲ್ಲ. ಕೆಳಗಿನ ಐದರಲ್ಲಿ ಯಾವುದು ಸರಿ, ಯಾವುದು ತಪ್ಪು, ಯಾಕೆ ಅಂತ ತಿಳಿದವರು ಬಿಡಿಸಿ ಹೇಳಿ.

1. 'ಹೀ ಈಸ್ ನಾಟ್ ಪಿಕಿಂಗ್ ಮೈ ಕಾಲ್.'
2. 'ಪ್ಲೀಸ್ ಪಿಕ್ ಮೀ ಫ್ರಮ್ ದ ಬಸ್ ಸ್ಟ್ಯಾಂಡ್.'
3. 'ದ ಪಾರ್ಸೆಲ್ ಈಸ್ ರೆಡಿ, ಪಿಕ್ ಅಪ್ ಇಟ್ ಬೈ ಫೈವ್.'
4. 'ಐ ಪಿಕ್ಡ್ ಅಪ್ ಫೀವರ್.'
5. 'ಲೆಟ್ಸ್ ಪಿಕ್ ಅಪ್ ಫ್ರಮ್ ವೇರ್ ವೀ ಲೆಫ್ಟ್.'

ತುಂಗಾತೀರ

ಐದರಲ್ಲೂ ಏನಾದರೊಂದು ಕೆಟ್ಟಿದೆ. ಮೊದಲ ಎರಡಕ್ಕೆ ನಾನು ಉತ್ತರ ಕೊಡ್ತೀನಿ, ಉಳಿದದ್ದು ಬೇರೆಯವರು ಹೇಳಲಿ.

'ಪಿಕ್' ಬೇರೆ, 'ಪಿಕ್ ಅಪ್' ಬೇರೆ. 'ಪಿಕ್' ಅಂದರೆ ಆರಿಸು, ಇಲ್ಲವೇ ಗಿಡದಿಂದ ಬಿಡಿಸು, ಕೊಯ್ಯಿ. 'ಪಿಕ್ ಅಪ್' ಅಂದರೆ ಬಿದ್ದದ್ದನ್ನೋ, ಇಟ್ಟದ್ದನ್ನೋ, ಕಾಯುತ್ತಿರುವುದನ್ನೋ ಎತ್ತಿಕೊಳ್ಳುವುದು. ಹಿತ್ತಿಲಿಗೆ ಹೋದರೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ದಾಸವಾಳವನ್ನು ಗಿಡದಿಂದ ಬಿಡಿಸಿದರೆ ಅದು 'ಪಿಕ್'. ಪಾರಿಜಾತವನ್ನು ಯಾರೂ ಬಿಡಿಸುವುದಿಲ್ಲ. ರಾತ್ರಿ ಅರಳಿದ್ದು ಬೆಳಗಾಗುವಷ್ಟರಲ್ಲಿ ತಾನೇ ಉದುರಿರುತ್ತದೆ, ಕೇಸರಿ ತೊಟ್ಟು ಹಿಡಿದು ಒಂದೊಂದಾಗಿ ನೆಲದಿಂದ ಆಯ್ದುಕೊಳ್ಳಬೇಕು. ಅದು 'ಪಿಕ್ ಅಪ್'. ತೋಟದಲ್ಲೂ ಹಾಗೇ: ಗಿಡದಲ್ಲಿರುವ ಕಾಫಿ ಹಣ್ಣು ಕೊಯ್ಯುವುದು 'ಪಿಕ್', ಉದುರಿಬಿದ್ದ ಗೋಟಡಿಕೆ ಹೆಕ್ಕುವುದು 'ಪಿಕ್ ಅಪ್'. ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಆರಿಸುವುದು 'ಪಿಕ್ ಔಟ್'. ನಮಗೆ ಬಿಡಿಸು, ಕೊಯ್ಯಿ, ಹೆಕ್ಕು, ಆಯ್ದುಕೊ, ಆರಿಸು ಅಂತ ಐದು ಮಾತುಗಳಿವೆ. ಇಂಗ್ಲಿಷಿನವರು ಒಂದೇ 'ಪಿಕ್' ಇಟ್ಟುಕೊಂಡು ಅದರ ಬಾಲ ಬದಲಾಯಿಸುತ್ತಾ ಹೋಗುತ್ತಾರೆ. ಆದ್ದರಿಂದ ಬಾಲ ಬಿಟ್ಟರೆ ಮಾತೇ ಬೇರೆಯಾಗುತ್ತದೆ.

'ಪಿಕ್ ಮೀ' ಅಂದರೆ 'ನನ್ನನ್ನು ಆರಿಸಿ'. ಆಟಕ್ಕೆ ತಂಡ ಕಟ್ಟುವಾಗ ಮಕ್ಕಳು ಕೈಯೆತ್ತಿ ಕೂಗುವ ಮಾತದು. ಬಸ್ ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋಗಿ ಅನ್ನಬೇಕಾದರೆ 'ಪ್ಲೀಸ್ ಪಿಕ್ ಮೀ ಅಪ್ ಫ್ರಮ್ ದ ಬಸ್ ಸ್ಟ್ಯಾಂಡ್'. 'ಫ್ರಮ್' ಬದಲು 'ಅಟ್' ಹಾಕಿದರೂ ಸರಿ.

ಜೋಳದರೊಟ್ಟಿ

ಫೋನಿನ ವಿಷಯ ನಾ ಹೇಳ್ತೀನ್ರಿ. ನಮ್ಮ ಕಡೆ 'ಫೋನ್ ಎತ್ತವಲ್ಲ', ಬೆಂಗಳೂರಿನ ಕಡೆ 'ಫೋನ್ ಎತ್ತುತ್ತಿಲ್ಲ', ಮಂಗಳೂರಿನವರು 'ಫೋನ್ ತೆಗೆಯುವುದಿಲ್ಲ' ಅಂತಾರ. ಈ 'ಎತ್ತು' ತಲಿಯೊಳಗ ಇರೋದರಿಂದನ 'ಲಿಫ್ಟ್ ದ ಫೋನ್' ಬಾಯಿಗೆ ಬರ್ತದ. ನಮ್ಮ ದೇಶದಾಗ ಎಲ್ಲಾರಿಗೂ ತಿಳೀತದ, ಹೊರಗಿನವರಿಗೆ ಮಾತ್ರ ಭಾರದ ವಸ್ತು ಎತ್ತಿದಂಗ ಕೇಳಸ್ತದ.

ಹಳೇ ಫೋನಿನಾಗ ರಿಸೀವರ್ ತೊಟ್ಟಿಲದಾಗ ಮಲಗಿಸಿದಂಗ ಇರ್ತಿತ್ತು. ಗಂಟಿ ಬಾರಿಸಿದರ ಅದನ್ನ ಎತ್ತಿಕೊಂಡು ಕಿವಿಗೆ ಹಿಡೀಬೇಕು, ಅದಕ್ಕ 'ಪಿಕ್ ಅಪ್'. ಇನ್ನೂ ಹಳೇದರಾಗ ಗೋಡಿ ಮ್ಯಾಲಿನ ಕೊಕ್ಕಿಗೆ ತೂಗುಹಾಕಬೇಕಿತ್ತು, ಅದಕ್ಕ ಇಡೋದು 'ಹ್ಯಾಂಗ್ ಅಪ್'. ಈಗ ಎತ್ತೋದೂ ಇಲ್ಲ, ತೂಗುಹಾಕೋದೂ ಇಲ್ಲ, ಬೆರಳು ಸರಿಸಿದರ ಮುಗೀತು. ಮಾತು ಮಾತ್ರ ಉಳದೈತಿ.

ಹೆಂಗ ಬಳಸಬೇಕಂದ್ರ:

'ಹೀ ಈಸ್ ನಾಟ್ ಪಿಕಿಂಗ್ ಅಪ್.' ಇಷ್ಟ ಸಾಕು. ಏನನ್ನ ಅಂತ ಹೇಳೋದು ಬ್ಯಾಡ, ಫೋನ್ ಅಂತ ತಾನ ಗೊತ್ತಾಗ್ತದ.

'ಹೀ ಈಸ್ ನಾಟ್ ಆನ್ಸರಿಂಗ್ ಮೈ ಕಾಲ್ಸ್.' ಮೇಲ್‌ನಾಗ ಬರೆಯೋದಿದ್ದರ ಇದು ಒಳ್ಳೇದು.

'ಅಟೆಂಡ್ ದ ಕಾಲ್', 'ಕಟ್ ದ ಕಾಲ್' ಇವೆರಡೂ ನಮ್ಮ ದೇಶದ ಬಳಕಿ. ಹೊರದೇಶದ ಗಿರಾಕಿ ಜೊತಿ ಮಾತಾಡೋರು 'ಆನ್ಸರ್', 'ಹ್ಯಾಂಗ್ ಅಪ್' ರೂಢಿ ಮಾಡ್ಕೊಳ್ರಿ.

ಇನ್ನೊಂದು. 'ಜಸ್ಟ್ ಪಿಕ್ ಅಪ್ ದ ಫೋನ್ ಅಂಡ್ ಆಸ್ಕ್ ಹರ್' ಅಂದರ ಬಂದ ಕರೆ ತಗೋ ಅಂತಲ್ಲ, ನೀನ ಫೋನ್ ಹಚ್ಚಿ ಕೇಳು ಅಂತ. ಗಂಟಿ ಬಾರಿಸ್ತಿದ್ದರ 'ಪಿಕ್ ಅಪ್' ಅಂದರ ತಗೋ, ಫೋನ್ ಸುಮ್ಮನಿದ್ದಾಗ ಅಂದರ ಹಚ್ಚು.

ಒತ್ತಕ್ಷರ

3ನೇ ವಾಕ್ಯಕ್ಕೆ ಬರೋಣ. 'ಪಿಕ್ ಅಪ್ ಇಟ್' ತಪ್ಪು. 'ಪಿಕ್ ಇಟ್ ಅಪ್' ಸರಿ.

ನಿಯಮ ಚಿಕ್ಕದು. ಕರ್ಮ ನಾಮಪದವಾಗಿದ್ದರೆ ಎರಡು ಕಡೆಯೂ ಕೂರುತ್ತದೆ: 'ಪಿಕ್ ಅಪ್ ದ ಪಾರ್ಸೆಲ್', 'ಪಿಕ್ ದ ಪಾರ್ಸೆಲ್ ಅಪ್'. ಕರ್ಮ ಸರ್ವನಾಮವಾಗಿದ್ದರೆ, ಅಂದರೆ ಇಟ್, ಹಿಮ್, ಹರ್, ದೆಮ್, ಮೀ, ಅಸ್ ಆಗಿದ್ದರೆ, ನಡುವೆ ಮಾತ್ರ. ಇದಕ್ಕೆ ಕಾರಣವೂ ಇದೆ. ಇಂಗ್ಲಿಷ್ ವಾಕ್ಯದಲ್ಲಿ ಹೊಸ ಸಂಗತಿ ಕೊನೆಗೆ ಬಂದು ಅಲ್ಲಿ ಒತ್ತು ಬೀಳುತ್ತದೆ. 'ಇಟ್' ಹೊಸದಲ್ಲ, ಆಗಲೇ ಹೇಳಿಯಾದದ್ದು. ಒತ್ತು ಹೊರುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಅದು ಒಳಕ್ಕೆ ಸರಿದು 'ಅಪ್' ಕೊನೆಗೆ ನಿಲ್ಲುತ್ತದೆ.

ಕರ್ಮ ಉದ್ದವಾಗಿದ್ದರೆ ಇದರ ತಿರುವುಮುರುವು. 'ಪಿಕ್ ದ ಪಾರ್ಸೆಲ್ ದಟ್ ಕೇಮ್ ಯೆಸ್ಟರ್‌ಡೇ ಫ್ರಮ್ ಹುಬ್ಬಳ್ಳಿ ಅಪ್' ಅಂದರೆ ಓದುವವರು 'ಅಪ್' ತಲುಪುವಷ್ಟರಲ್ಲಿ 'ಪಿಕ್' ಮರೆತಿರುತ್ತಾರೆ. ಮೂರು ಪದ ದಾಟಿದರೆ 'ಅಪ್' ಅನ್ನು ಕ್ರಿಯಾಪದದ ಪಕ್ಕಕ್ಕೇ ಇಡಿ.

ಕಲಿಯುವವರಿಗಾಗಿ ಮಾಡಿದ ಆಕ್ಸ್‌ಫರ್ಡ್ ನಿಘಂಟು ಕೈಯಲ್ಲಿದ್ದರೆ ಇದನ್ನು ಉರು ಹೊಡೆಯಬೇಕಾಗಿಲ್ಲ. ಅದರಲ್ಲಿ ಕ್ರಿಯಾಪದಕ್ಕೂ 'ಅಪ್'ಗೂ ನಡುವೆ ಎರಡು ತುದಿಯ ಬಾಣದ ಗುರುತು ಇದ್ದರೆ ಕರ್ಮ ಆಚೆ ಈಚೆ ಓಡಾಡಬಹುದು ಅಂತ ಅರ್ಥ. ಬಾಣವಿಲ್ಲದಿದ್ದರೆ ಅಚ್ಚಿನಲ್ಲಿರುವ ಕ್ರಮವನ್ನೇ ಉಳಿಸಿಕೊಳ್ಳಬೇಕು. 'ಲುಕ್ ಆಫ್ಟರ್' ನೋಡಿ, ಬಾಣ ಇರುವುದಿಲ್ಲ. 'ಲುಕ್ ಹರ್ ಆಫ್ಟರ್' ಅನ್ನುವಂತೆಯೇ ಇಲ್ಲ. ಬಹಳ ಜನ ನಿಘಂಟಿನಲ್ಲಿ ಅರ್ಥ ಮಾತ್ರ ನೋಡಿ ಮುಚ್ಚಿಬಿಡುತ್ತಾರೆ, ಈ ಗುರುತಿನ ಕಡೆ ಕಣ್ಣೇ ಹಾಯಿಸುವುದಿಲ್ಲ. ಅರ್ಥಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಅದು.

ಬರವಣಿಗೆಯ ವಿಷಯ: ಕ್ರಿಯಾಪದವಾದರೆ ಎರಡು ಪದ ಬಿಡಿಸಿ ಬರೆಯಿರಿ. ನಾಮಪದವಾದರೆ ಕೂಡಿಸಿ ಒಂದೇ ಪದ, ಬ್ರಿಟಿಷ್ ರೂಢಿಯಲ್ಲಿ ನಡುವೆ ಅಡ್ಡಗೆರೆ. ಬಸ್ ಟಿಕೆಟ್ ಮೇಲಿನ 'ಪಿಕಪ್ ಪಾಯಿಂಟ್' ಕೂಡಿಸಿ ಬರೆಯುವಂಥದ್ದು. 'ಪ್ಲೀಸ್ ಪಿಕಪ್ ದ ಪಾರ್ಸೆಲ್' ಅಂತ ಕೂಡಿಸಿದರೆ ತಪ್ಪು.

ಉಚ್ಚಾರದಲ್ಲೂ ಇದೇ ಭೇದ. ನಾಮಪದಕ್ಕೆ ಒತ್ತು 'ಪಿಕ್' ಮೇಲೆ. ಕ್ರಿಯಾಪದ ವಾಕ್ಯದ ಕೊನೆಗೆ ಬಂದಾಗ ಒತ್ತು 'ಅಪ್' ಮೇಲೆ. ಭೂತಕಾಲದಲ್ಲಿ 'ಪಿಕೆಡ್ ಅಪ್' ಅನ್ನಬೇಡಿ, 'ಪಿಕ್ಡ್' ಕೂಡ ಅಲ್ಲ. ಅಲ್ಲಿ ಕೇಳುವುದು 'ಟ್' ಸದ್ದು, ಅದೂ ಮುಂದಿನ ಪದಕ್ಕೆ ಅಂಟಿಕೊಂಡು: 'ಪಿಕ್ಟಪ್'.

ಹೊಸಗಲಿಕೆ

ಒತ್ತಕ್ಷರ ಅವರೇ, ಬಾಣದ ಗುರುತಿನ ವಿಷಯ ಗೊತ್ತೇ ಇರಲಿಲ್ಲ, ಧನ್ಯವಾದ. 4ನೆಯದು ಯಾಕೆ ತಪ್ಪು? 'ಪಿಕ್ಡ್ ಅಪ್ ಅ ಕೋಲ್ಡ್' ಅಂತ ಪುಸ್ತಕದಲ್ಲೇ ನೋಡಿದ್ದೇನೆ.

ಕಾಗುಣಿತ

ಜ್ವರ ಲಕ್ಷಣ, ಸೋಂಕಲ್ಲ. 'ಪಿಕ್ ಅಪ್' ಬರುವುದು ಎಲ್ಲೋ, ಯಾರಿಂದಲೋ ಅಂಟಿಸಿಕೊಂಡು ಬಂದದ್ದಕ್ಕೆ. 'ಷೀ ಪಿಕ್ಡ್ ಅಪ್ ಅ ಕೋಲ್ಡ್ ಅಟ್ ಸ್ಕೂಲ್', 'ಪಿಕ್ಡ್ ಅಪ್ ಅ ಸ್ಟಮಕ್ ಬಗ್', 'ಪಿಕ್ಡ್ ಅಪ್ ಆನ್ ಇನ್‌ಫೆಕ್ಷನ್ ಇನ್ ದ ಹಾಸ್ಪಿಟಲ್'. ಇವೆಲ್ಲ ಸರಿ. ಜ್ವರಕ್ಕೆ 'ಐ ಹ್ಯಾವ್ ಅ ಫೀವರ್' ಸಾಕು. ಸಕ್ಕರೆ ಕಾಯಿಲೆ, ಬಿಪಿಗೆ 'ಪಿಕ್ ಅಪ್' ಯಾವತ್ತೂ ಬರುವುದಿಲ್ಲ, ಅವು ಅಂಟುವಂಥವಲ್ಲ.

ಇಲ್ಲಿ ಸ್ವಲ್ಪ ನಿಂತು ನೋಡಬೇಕಾದ ಸಂಗತಿ ಇದೆ. ಕನ್ನಡಿಗರಿಗೆ 'ಪಿಕ್ ಅಪ್' ಕಷ್ಟವಾಗುವುದು ಅರ್ಥ ಗೊತ್ತಿಲ್ಲದ್ದರಿಂದ ಅಲ್ಲ. ನಾವು ಆ ಸಂಗತಿಯನ್ನು ಹೇಳುವ ರೀತಿಯೇ ಬೇರೆ.

ಕನ್ನಡದಲ್ಲಿ 'ನನಗೆ ನೆಗಡಿ ಬಂತು'. ನೆಗಡಿ ಕರ್ತೃ, ನಾನು 'ನನಗೆ'. ಇಂಗ್ಲಿಷಿನಲ್ಲಿ 'ಐ' ಕರ್ತೃವಾಗಿ ಮುಂದೆ ನಿಂತು ನೆಗಡಿಯನ್ನು 'ಪಿಕ್ ಅಪ್' ಮಾಡುತ್ತದೆ. ಇಂಥವೇ ಇನ್ನೂ ನೋಡಿ:

ಅವನಿಗೆ ಕೇಳಿ ಕೇಳಿ ಕನ್ನಡ ಬಂತು: 'ಹೀ ಪಿಕ್ಡ್ ಅಪ್ ಕನ್ನಡ.'
ಅವಳಿಗೆ ಉಗುರು ಕಚ್ಚುವ ಚಟ ಅಂಟಿತು: 'ಷೀ ಪಿಕ್ಡ್ ಅಪ್ ದ ಹ್ಯಾಬಿಟ್ ಆಫ್ ಬೈಟಿಂಗ್ ಹರ್ ನೇಲ್ಸ್.'
ಹೊರಗಿನ ಗದ್ದಲವೆಲ್ಲ ಮೈಕ್‌ಗೆ ಬರುತ್ತಿದೆ: 'ದ ಮೈಕ್ ಈಸ್ ಪಿಕಿಂಗ್ ಅಪ್ ಆಲ್ ದ ನಾಯ್ಸ್ ಫ್ರಮ್ ಔಟ್‌ಸೈಡ್.'
ನಾಯಿಗೆ ವಾಸನೆ ಸಿಕ್ಕಿತು: 'ದ ಡಾಗ್ ಪಿಕ್ಡ್ ಅಪ್ ದ ಸೆಂಟ್.'

ನಾಲ್ಕರಲ್ಲೂ ಕನ್ನಡದ 'ಗೆ' ವಿಭಕ್ತಿಯಲ್ಲಿರುವುದೇ ಇಂಗ್ಲಿಷಿನಲ್ಲಿ ಕರ್ತೃವಾಗಿದೆ. ನಮ್ಮಲ್ಲಿ ಬರುವುದು, ಅಂಟುವುದು, ಸಿಗುವುದು, ಅವರಲ್ಲಿ ಎತ್ತಿಕೊಳ್ಳುವುದು. 'ಎತ್ತು' ಅನ್ನುವುದನ್ನು ಒಂದು ಕಡೆಗಿಟ್ಟು, 'ಯಾರಿಗೆ ಏನು ಬಂತು, ಏನು ಸಿಕ್ಕಿತು, ಏನು ಅಂಟಿತು' ಅನ್ನುವ ಕನ್ನಡ ವಾಕ್ಯದಿಂದ ಹೊರಟರೆ 'ಪಿಕ್ ಅಪ್' ಎಲ್ಲಿ ಬೇಕು ಅಂತ ತಾನಾಗಿಯೇ ಗೊತ್ತಾಗುತ್ತದೆ.

ಇದಕ್ಕೊಂದು ಮಿತಿ ಇದೆ. ಬಯಸಿ, ದುಡ್ಡು ಕೊಟ್ಟು, ಪಾಠಕ್ಕೆ ಕೂತು ಕಲಿತದ್ದಕ್ಕೆ 'ಪಿಕ್ ಅಪ್' ಅನ್ನುವುದಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಬಂದವರು ಅಂಗಡಿ, ಆಟೊ, ನೆರೆಮನೆ ಅಂತ ಕಿವಿಗೆ ಬಿದ್ದಷ್ಟು ಕನ್ನಡ ಕಲಿತರೆ ಅದು 'ಪಿಕ್ ಅಪ್'. ಮೂರು ವರ್ಷ ಕಾಲೇಜಿನಲ್ಲಿ ಸಂಸ್ಕೃತ ಓದಿದರೆ 'ಲರ್ನ್' ಅಥವಾ 'ಸ್ಟಡಿ'. ಬೇಕೆಂದೇ ಒಂದು ಹವ್ಯಾಸ ಶುರುಮಾಡಿದರೆ 'ಟೇಕ್ ಅಪ್': 'ಷೀ ಟುಕ್ ಅಪ್ ಪೇಂಟಿಂಗ್'. ರೆಸ್ಯೂಮೆಯಲ್ಲಿ 'ಐ ಪಿಕ್ಡ್ ಅಪ್ ಅಕೌಂಟಿಂಗ್' ಅಂತ ಬರೆದರೆ ಕ್ರಮವಾಗಿ ಕಲಿತಿಲ್ಲ, ನೋಡಿ ನೋಡಿ ಒಂದಿಷ್ಟು ತಿಳಿದುಕೊಂಡಿದ್ದಾರೆ ಅಂತ ಓದುವವರಿಗೆ ಅನ್ನಿಸುತ್ತದೆ.

ಕಡಲತೀರ

ಕಾಗುಣಿತರು ಹೇಳಿದ್ದು ಸರಿ ಉಂಟು. ಅಂಗಡಿಯ ವಿಷಯಕ್ಕೂ ಹಾಗೆಯೇ ಒಂದು ಮಿತಿ ಉಂಟು. 'ಪಿಕ್ ಅಪ್ ಸಮ್ ಮಿಲ್ಕ್ ಆನ್ ಯುವರ್ ವೇ ಹೋಮ್' ಅಂದರೆ ಬರುವಾಗ ಹಾಲು ತಕ್ಕೊಂಡು ಬಾ ಅಂತ. ದಾರಿಯಲ್ಲಿ, ಹೆಚ್ಚು ಯೋಚನೆ ಇಲ್ಲದೆ, ಸಣ್ಣ ಖರೀದಿ. ಹಾಲು, ಬ್ರೆಡ್ಡು, ಮಾತ್ರೆಗೆ ಆಗುತ್ತದೆ. ಜಾಗ, ಮನೆ ಖರೀದಿಗೆ ಆಗುವುದಿಲ್ಲ. ಅಗ್ಗಕ್ಕೆ ಸಿಕ್ಕಿಬಿಟ್ಟಿತು ಅಂತ ಹೇಳುವುದಾದರೆ ಮಾತ್ರ ಅದಕ್ಕೂ ನಡೆಯುತ್ತದೆ.

ಮೊದಲೇ ದುಡ್ಡು ಕೊಟ್ಟು ಸಿದ್ಧವಾಗಿರುವುದನ್ನು ತರುವುದಕ್ಕೂ 'ಪಿಕ್ ಅಪ್' ಬರುತ್ತದೆ: ದರ್ಜಿಯ ಹತ್ತಿರ ಹೊಲಿಗೆಗೆ ಕೊಟ್ಟ ಬಟ್ಟೆ, ರಿಪೇರಿಗೆ ಬಿಟ್ಟ ಮಿಕ್ಸಿ. ಬ್ರಿಟನ್ನಿನಲ್ಲಿ ಇದಕ್ಕೆ 'ಕಲೆಕ್ಟ್' ಅನ್ನುವವರೂ ಬಹಳ. ಗೊಂದಲ ಬೇಡ ಅಂತಾದರೆ ಬರವಣಿಗೆಯಲ್ಲಿ 'ಬೈ' ಅಥವಾ 'ಕಲೆಕ್ಟ್' ಬಳಸಿ, ಖರೀದಿಯೋ ಇಸ್ಕೊಂಡು ಬರುವುದೋ ಸ್ಪಷ್ಟವಾಗುತ್ತದೆ.

ಅಲ್ಲಮನಗರಿ

ಇನ್ನೊಂದು ಅರ್ಥ ಯಾರೂ ಹೇಳಿಲ್ಲ, ತಿಳಿದಿರಲೇಬೇಕಾದದ್ದು. 'ಪಿಕ್ ಅಪ್ ಅ ಗರ್ಲ್' ಅಂದರೆ ಗುರುತಿಲ್ಲದ ಹುಡುಗಿಯ ಜೊತೆ ಸಲಿಗೆ ಬೆಳೆಸಿ ಕರೆದುಕೊಂಡು ಹೋಗುವುದು. 'ಪಿಕಪ್ ಲೈನ್' ಅನ್ನುವ ಮಾತೂ ಅದರಿಂದಲೇ ಬಂದದ್ದು. 'ಐ ಪಿಕ್ಡ್ ಅಪ್ ಅ ಗರ್ಲ್ ಅಟ್ ದ ಬಸ್ ಸ್ಟ್ಯಾಂಡ್' ಅಂತ ಒಳ್ಳೆಯ ಮನಸ್ಸಿನಿಂದ ಹೇಳಿದರೂ ಕೇಳುವವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ.

ತಪ್ಪಿಸಿಕೊಳ್ಳುವುದು ಸುಲಭ. ಸಂಬಂಧವನ್ನೋ ಹೆಸರನ್ನೋ ಹೇಳಿ: 'ಐ ಪಿಕ್ಡ್ ಅಪ್ ಮೈ ಕಸಿನ್', 'ಐ ಪಿಕ್ಡ್ ಅಪ್ ದ ನ್ಯೂ ಟ್ರೈನೀ ಫ್ರಮ್ ದ ಸ್ಟೇಷನ್'. ಗುರುತಿಲ್ಲದವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದದ್ದಕ್ಕೆ 'ಗೇವ್ ಹರ್ ಅ ಲಿಫ್ಟ್' ಅನ್ನಿ. 'ದ ಪೊಲೀಸ್ ಪಿಕ್ಡ್ ಹಿಮ್ ಅಪ್' ಅಂದರೆ ಹಿಡಿದುಕೊಂಡು ಹೋದರು ಅಂತ. ಕನ್ನಡದಲ್ಲೂ 'ಪೊಲೀಸರು ಎತ್ತಾಕ್ಕೊಂಡು ಹೋದರು' ಅನ್ನುತ್ತೇವಲ್ಲ, ಅದೇ.

ಇಳಿಸುವುದಕ್ಕೆ ನಾವು 'ಡ್ರಾಪ್ ಮಾಡ್ತೀನಿ' ಅನ್ನುತ್ತೇವೆ. ಇಂಗ್ಲಿಷಿನಲ್ಲಿ 'ಐ ವಿಲ್ ಡ್ರಾಪ್ ಯೂ ಆಫ್' ಅಂತ 'ಆಫ್' ಸೇರಿಸುವುದು ಒಳ್ಳೆಯದು. 'ಅಪ್' ಇಲ್ಲದ 'ಪಿಕ್' ಹೇಗೋ 'ಆಫ್' ಇಲ್ಲದ 'ಡ್ರಾಪ್' ಹಾಗೆ. ಅದಕ್ಕೆ ಬೀಳಿಸು, ಕೈಬಿಡು ಅನ್ನುವ ಅರ್ಥಗಳೂ ಇವೆ.

ಸ್ಪ್ಯಾನರ್

ಗಾಡಿಯ ಪಿಕಪ್ಪು ಬಿಟ್ಟೇಬಿಟ್ರಲ್ಲ. 'ಈ ಗಾಡಿಗೆ ಪಿಕಪ್ ಇಲ್ಲ' ಅಂದರೆ ಆಕ್ಸಿಲರೇಟರ್ ಕೊಟ್ಟ ತಕ್ಷಣ ವೇಗ ಹಿಡಿಯಲ್ಲ ಅಂತ. ಇದು ನಾವು ಹುಟ್ಟಿಸಿದ್ದಲ್ಲ, ಇಂಗ್ಲಿಷ್ ನಿಘಂಟಲ್ಲೇ ನಾಮಪದವಾಗಿ ಈ ಅರ್ಥ ಇದೆ. ಆದರೆ ಅಲ್ಲಿ ಈಗ 'ಆಕ್ಸಿಲರೇಷನ್' ಹೆಚ್ಚು, ಗ್ಯಾರೇಜಲ್ಲಿ ನಮ್ಮದು ಪಿಕಪ್ಪೇ.

ಗಿರಾಕಿ 'ಪಿಕಪ್ ಇಲ್ಲ' ಅಂತ ಬಂದಾಗ ಮೊದಲು ಕೇಳಬೇಕಾದ್ದು: ಇಂಜಿನ್ ಸದ್ದು ಏರುತ್ತಾ, ಗಾಡಿ ಮಾತ್ರ ಓಡಲ್ವಾ? ಹಾಗಿದ್ದರೆ ಕ್ಲಚ್ ಪ್ಲೇಟ್ ಸವೆದು ಜಾರುತ್ತಿದೆ. ಸದ್ದೇ ಏರದಿದ್ದರೆ ಏರ್ ಫಿಲ್ಟರ್ ಕಟ್ಟಿರಬಹುದು, ಇಂಧನದ ಫಿಲ್ಟರ್ ಕಟ್ಟಿರಬಹುದು, ಪೆಟ್ರೋಲ್ ಗಾಡಿಯಾದರೆ ಸ್ಪಾರ್ಕ್ ಪ್ಲಗ್ಗೂ ನೋಡಬೇಕು. ಬ್ರೇಕ್ ಹಿಡಿದುಕೊಂಡಿದ್ದರೂ ಪಿಕಪ್ ಇಲ್ಲದಂತೆ ಅನ್ನಿಸುತ್ತೆ. ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರದ ಕಡೆ ಮಾತ್ರ ಜಾಸ್ತಿ ಬಿಸಿ ಬರ್ತಿದ್ದರೆ ಅದೇ. ಡ್ರಮ್ಮನ್ನೋ ಡಿಸ್ಕನ್ನೋ ಬರಿಗೈಯಲ್ಲಿ ಮುಟ್ಟಬೇಡಿ, ಸುಡುತ್ತೆ.

ಹೇಳುವಾಗ 'ದ ಕಾರ್ ಪಿಕ್ಡ್ ಅಪ್ ಸ್ಪೀಡ್' ಸರಿ. 'ದ ಕಾರ್ ಇಸ್ ನಾಟ್ ಟೇಕಿಂಗ್ ಪಿಕಪ್' ಅನ್ನೋದು 'ಪಿಕಪ್ ತಗೋತಿಲ್ಲ' ಅನ್ನೋದರ ನೇರ ನಕಲು. 'ಇಟ್ ಈಸ್ ಸ್ಲೋ ಟು ಪಿಕ್ ಅಪ್' ಅನ್ನಿ.

ಸಾಮಾನು ಸಾಗಿಸುವ ಬೊಲೆರೊ ಥರದ ಪಿಕಪ್ ಗಾಡಿ ಬೇರೆ, ಹಿಂದೆ ತೆರೆದ ತೊಟ್ಟಿ ಇರೋದು. ಎಲೆಕ್ಟ್ರಿಕ್ ಗಿಟಾರಲ್ಲಿ ತಂತಿಯ ಕೆಳಗಿರೋದೂ ಪಿಕಪ್ಪೇ: ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸಣ್ಣ ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತೆ. ಕಂಪನವನ್ನು ಹಿಡಿಯುತ್ತೆ ಅಂತ ಆ ಹೆಸರು.

ತುಂಗಾತೀರ

ವೇಗದ ಮಾತು ಬಂದದ್ದರಿಂದ ಇದನ್ನೂ ಸೇರಿಸ್ತೀನಿ. ಕರ್ಮವೇ ಇಲ್ಲದೆ ಬರುವ 'ಪಿಕ್ ಅಪ್' ಇದೆ. 'ಸೇಲ್ಸ್ ಹ್ಯಾವ್ ಪಿಕ್ಡ್ ಅಪ್' ಅಂದರೆ ವ್ಯಾಪಾರ ಚೇತರಿಸಿಕೊಂಡಿದೆ, ಕುದುರಿದೆ. ಕನ್ನಡದ 'ಕುದುರು' ಇದಕ್ಕೆ ಅಳತೆ ತೆಗೆದು ಹೊಲಿಸಿದಷ್ಟು ಸರಿಯಾಗಿ ಹೊಂದುತ್ತದೆ.

ಎಚ್ಚರ ಬೇಕಾದದ್ದು ಹವೆಯ ವಿಷಯದಲ್ಲಿ. 'ದ ವೆದರ್ ಪಿಕ್ಡ್ ಅಪ್' ಅಂದರೆ ಹವೆ ಒಳ್ಳೆಯದಾಯಿತು. 'ದ ವಿಂಡ್ ಪಿಕ್ಡ್ ಅಪ್' ಅಂದರೆ ಗಾಳಿ ಜೋರಾಯಿತು. ದೋಣಿಗೆ ಹೊರಟವನಿಗೆ ಮೊದಲನೆಯದು ಸಂತೋಷದ ಸುದ್ದಿ, ಎರಡನೆಯದು ಅಪಾಯದ್ದು. ಎರಡಕ್ಕೂ ಸಮಾನವಾದದ್ದು 'ಏರಿತು' ಅನ್ನುವುದೊಂದೇ, ಒಳ್ಳೆಯದಾಯಿತು ಅನ್ನುವುದಲ್ಲ.

ಹೊಸಗಲಿಕೆ

5ನೆಯದು ಬಾಕಿ ಇದೆ. ಮೀಟಿಂಗ್‌ನಲ್ಲಿ 'ಪಿಕ್ ಅಪ್ ಆನ್ ದಟ್' ಅಂತಲೂ ಕೇಳುತ್ತಿರುತ್ತೇನೆ, ಅದೂ ಬೇಕಿತ್ತು.

ಒತ್ತಕ್ಷರ

5ನೆಯದರಲ್ಲಿ ಕಾಣೆಯಾಗಿರುವುದು 'ಆಫ್'. 'ಲೆಟ್ಸ್ ಪಿಕ್ ಅಪ್ ವೇರ್ ವೀ ಲೆಫ್ಟ್ ಆಫ್.' ಬರೀ 'ವೀ ಲೆಫ್ಟ್' ಅಂದರೆ ನಾವು ಹೊರಟುಹೋದೆವು ಅಂತಾಗುತ್ತದೆ. 'ಲೆಫ್ಟ್ ಆಫ್' ಅಂದರೆ ಕೆಲಸ ನಿಲ್ಲಿಸಿದೆವು. ಬಿಟ್ಟಲ್ಲಿಂದ ಹಿಡಿಯುವುದು ಅನ್ನುವ ನಮ್ಮ ಮಾತಿಗೆ ಇದು ಹತ್ತಿರ. 'ಫ್ರಮ್' ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ.

'ಪಿಕ್ ಅಪ್ ಆನ್' ಎರಡು ಥರ. ಒಂದು, ಬಾಯಿಬಿಟ್ಟು ಹೇಳದ್ದನ್ನು ಗ್ರಹಿಸುವುದು: 'ಷೀ ಪಿಕ್ಡ್ ಅಪ್ ಆನ್ ಹಿಸ್ ವರಿ', ಅವನಿಗೆ ಚಿಂತೆ ಇದೆ ಅಂತ ಅವಳಿಗೆ ಹೊಳೆಯಿತು. ಎರಡು, ಬೇರೆಯವರು ಎತ್ತಿದ ಮಾತನ್ನು ಮುಂದಕ್ಕೆ ಬೆಳೆಸುವುದು: 'ಕ್ಯಾನ್ ಐ ಪಿಕ್ ಅಪ್ ಆನ್ ದಟ್ ಪಾಯಿಂಟ್?' ಮೀಟಿಂಗ್‌ನಲ್ಲಿ ನೀವು ಕೇಳುವುದು ಇದನ್ನೇ. ನಡುವೆ ವ್ಯಕ್ತಿ ಬಂದರೆ ಅರ್ಥ ತಿರುಗುತ್ತದೆ: 'ಷೀ ಪಿಕ್ಡ್ ಹಿಮ್ ಅಪ್ ಆನ್ ಹಿಸ್ ಸ್ಪೆಲಿಂಗ್' ಅಂದರೆ ಕಾಗುಣಿತ ತಪ್ಪಿದ್ದನ್ನು ಎತ್ತಿ ತೋರಿಸಿದಳು. ಇದು ಹೆಚ್ಚಾಗಿ ಬ್ರಿಟಿಷರ ಬಳಕೆ. 'ಅಪ್' ತೆಗೆದು 'ಪಿಕ್ಡ್ ಆನ್ ಹಿಮ್' ಅಂದರೆ ಬೇಕೆಂದೇ ಗೋಳುಹೊಯ್ದುಕೊಂಡಳು ಅಂತಾಗುತ್ತದೆ! ಒಂದು ಸಣ್ಣ 'ಅಪ್'ನ ಮೇಲೆ ತಿದ್ದುವಿಕೆ ಪೀಡನೆಯಾಗಿಬಿಡುತ್ತದೆ, ದೂರು ಬರೆಯುವವರು ಗಮನಿಸಬೇಕು.

'ಪಿಕ್ ಅಪ್ ಆಫ್ಟರ್' ಅಂದರೆ ಒಬ್ಬರು ಹರವಿದ್ದನ್ನು ಇನ್ನೊಬ್ಬರು ಎತ್ತಿಡುವುದು. ಮಕ್ಕಳಿರುವ ಮನೆಯಲ್ಲಿ ದಿನಾ ಬೇಕು.

ಜೋಳದರೊಟ್ಟಿ

ನನಗ ಒಂದು ವಿಚಾರ ಹೊಳೀತದ. ಈ 'ಅಪ್', 'ಆನ್', 'ಆಫ್' ಬಾಲಗಳು ನಮಗ ಹೊಸವಲ್ಲ. ನಮ್ಮ 'ಎತ್ತು' ತಗೋರಿ. ಮಗೂನ್ನ ಎತ್ತಿಕೊಂಡಳು. ಕೋರ್ಟು ತೀರ್ಪನ್ನ ಎತ್ತಿಹಿಡೀತು. ಅಣ್ಣನ ಮ್ಯಾಲ ತಮ್ಮನ್ನ ಎತ್ತಿಕಟ್ಟಿದರು. ಹಳೇ ತಪ್ಪು ಎತ್ತಿ ಆಡಿದರು. ಬಾಲ ಬದಲಾದಂಗ ಅರ್ಥ ಬದಲಾತು. 'ಎತ್ತಿಹಿಡಿ' ಅಂದರ ಕೈಯಾಗ ಎತ್ತಿ ಹಿಡಕೊಂಡರು ಅಂತ ಯಾರೂ ತಿಳಕೊಳ್ಳೂದಿಲ್ಲ. ಹಂಗಂದ ಮ್ಯಾಲ ಕನ್ನಡದಾಗೂ ಫ್ರೇಸಲ್ ವರ್ಬ್, ಅಂದರ ಹಿಂಗ ಬಾಲ ಹಚ್ಚಿದ ಕ್ರಿಯಾಪದ, ಅದಾವ ಅಂದಂಗಾತಲ್ಲ?

ಕಾಗುಣಿತ

ಹೋಲಿಕೆ ಚೆನ್ನಾಗಿದೆ, ಕಲಿಸುವಾಗ ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ಎರಡೂ ಒಂದೇ ಅನ್ನಲಾರೆ. ನಮ್ಮ ಬಾಲಗಳು ಕ್ರಿಯಾಪದಗಳು: ಕೊಳ್ಳು, ಹಿಡಿ, ಕಟ್ಟು, ಆಡು, ಬಿಡು, ಹಾಕು. 'ಅಪ್' ಕ್ರಿಯಾಪದವಲ್ಲ, ದಿಕ್ಕು ಹೇಳುವ ಅವ್ಯಯ. ಎರಡನೆಯದಾಗಿ, ಅವರ 'ಪಿಕ್' ಮತ್ತು 'ಅಪ್' ನಡುವೆ ಇಡೀ ಕರ್ಮ ನುಗ್ಗುತ್ತದೆ. ನಮ್ಮಲ್ಲಿ 'ಎತ್ತಿ' ಮತ್ತು 'ಬಿಟ್ಟ' ನಡುವೆ 'ಏ' ಥರದ ಅವಧಾರಣೆ ನುಗ್ಗಬಹುದು, 'ಎತ್ತಿಯೇಬಿಟ್ಟ' ಅಂತ. 'ಎತ್ತಿ ಮಗುವನ್ನು ಬಿಟ್ಟ' ಅಂದರೆ ಅದು ಆ ಅರ್ಥದಲ್ಲಿ ಕನ್ನಡವೇ ಅಲ್ಲ. 'ಪಿಕ್ ಅಪ್ ಇಟ್' ಅನ್ನುವ ತಪ್ಪಿನ ಬೇರು ಇಲ್ಲೇ ಇದೆ ಅನ್ನಿಸುತ್ತದೆ. ನಮಗೆ ಕೂಡುಪದ ಬಿಡಿಸುವ ರೂಢಿಯಿಲ್ಲ, ಹಾಗಾಗಿ 'ಪಿಕ್ ಅಪ್' ಅನ್ನೂ ಒಂದೇ ಗಂಟು ಮಾಡಿ ಇಟ್ಟುಕೊಳ್ಳುತ್ತೇವೆ.

ಇಂಗ್ಲಿಷಿನವರಿಗೂ ಇದು ತೊಡಕಿನದೇ ಅಂತ ಗೊತ್ತಿತ್ತು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲಿ, ಕ್ರಿಯಾಪದದ ಹಿಂದೆ ಅವ್ಯಯ ಸೇರಿಸಿ ಅರ್ಥ ಬದಲಿಸುವ ಈ ಕ್ರಮವೇ ಪರದೇಶಿಗಳಿಗೆ ಅತ್ಯಂತ ಕಷ್ಟ ಕೊಡುವಂಥದ್ದು ಅಂತ ಬರೆದಿದ್ದಾರೆ. 'ಫ್ರೇಸಲ್ ವರ್ಬ್' ಅನ್ನುವ ಹೆಸರು ಪ್ರಚಾರಕ್ಕೆ ಬಂದದ್ದು ಮಾತ್ರ ಲೋಗನ್ ಪಿಯರ್ಸಲ್ ಸ್ಮಿತ್ ಅವರ 1925ರ ಪುಸ್ತಕದಿಂದ. ಅವರಿಗೆ ಆ ಹೆಸರನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರಾಡ್ಲಿ.

ಹೊಸಗಲಿಕೆ

ಎಲ್ಲರಿಗೂ ಧನ್ಯವಾದ. ತಿದ್ದಿ ಬರೆದಿದ್ದೇನೆ, ನೋಡಿ.

1. 'ಹೀ ಈಸ್ ನಾಟ್ ಪಿಕಿಂಗ್ ಅಪ್.'
2. 'ಪ್ಲೀಸ್ ಪಿಕ್ ಮೀ ಅಪ್ ಅಟ್ ದ ಬಸ್ ಸ್ಟ್ಯಾಂಡ್.'
3. 'ದ ಪಾರ್ಸೆಲ್ ಈಸ್ ರೆಡಿ, ಪ್ಲೀಸ್ ಪಿಕ್ ಇಟ್ ಅಪ್ ಬೈ ಫೈವ್.'
4. 'ಐ ಪಿಕ್ಡ್ ಅಪ್ ಅ ಕೋಲ್ಡ್ ಆನ್ ದ ಟ್ರೇನ್.'
5. 'ಲೆಟ್ಸ್ ಪಿಕ್ ಅಪ್ ವೇರ್ ವೀ ಲೆಫ್ಟ್ ಆಫ್.'

ಇನ್ನೊಂದು ಹೊಸದು, ಗ್ರಾಹಕರಿಗೆ ಕಳಿಸಬೇಕಾದದ್ದು: 'ಪ್ಲೀಸ್ ಪಿಕ್ ಅಪ್ ದ ಬಿಲ್ ಅಟ್ ಅವರ್ ಕೌಂಟರ್.' ಬಿಲ್ಲಿನ ಚೀಟಿ ತಗೊಂಡು ಹೋಗಿ ಅನ್ನುವ ಅರ್ಥದಲ್ಲಿ.

ಕಡಲತೀರ

ಐದೂ ಸರಿ. ಆರನೆಯದು ಹಾಗೆ ಕಳಿಸಬೇಡಿ. 'ಪಿಕ್ ಅಪ್ ದ ಬಿಲ್' ಅಂದರೆ ದುಡ್ಡು ಕೊಡುವುದು, ಅದೂ ಹೆಚ್ಚಾಗಿ ಬೇರೆಯವರ ಪರವಾಗಿ: 'ದ ಕಂಪನಿ ಪಿಕ್ಡ್ ಅಪ್ ದ ಬಿಲ್', ಖರ್ಚು ಕಂಪನಿ ಹಾಕಿಕೊಂಡಿತು. ಆಗಲೇ ದುಡ್ಡು ಕಟ್ಟಿದ ಗ್ರಾಹಕರು ಇದನ್ನು ಓದಿದರೆ ಇನ್ನೊಮ್ಮೆ ಕಟ್ಟಬೇಕೋ ಅಂತ ಗಾಬರಿಯಾಗುತ್ತಾರೆ. ಚೀಟಿಗೆ 'ಕಲೆಕ್ಟ್', ಕಟ್ಟಿಯಾಗಿದ್ದರೆ 'ಬಿಲ್' ಬದಲು 'ರಿಸೀಟ್': 'ಪ್ಲೀಸ್ ಕಲೆಕ್ಟ್ ಯುವರ್ ರಿಸೀಟ್ ಅಟ್ ಅವರ್ ಕೌಂಟರ್.'